ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ (20 ಜೂನ್ 1869 – 26 ಸೆಪ್ಟೆಂಬರ್ 1956) ಭಾರತದ ಯಂತ್ರೋದ್ಯಮದ ಆದ್ಯರಲ್ಲಿ ಒಬ್ಬರು ಹಾಗೂ ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರು. ಚಿತ್ರಕಲೆ ಮತ್ತು ಯಂತ್ರಗಳ ಬಗೆಗೆ ಎಳೆವಯಸ್ಸಿನಿಂದ ಇದ್ದ ಹವ್ಯಾಸವನ್ನೇ ಇವರು ಜೀವನೋಪಾಯವಾಗಿ ಮಾಡಿಕೊಂಡರು. ಬೆಳಗಾವಿಯ ಒಂದು ಬೈಸಿಕಲ್ ಅಂಗಡಿಯಿಂದ ಆರಂಭವಾದ ಇವರ ವ್ಯವಹಾರ ಮುಂದೆ ಕಬ್ಬಿಣದ ನೇಗಿಲು, ಪಂಪು ಮತ್ತು ಎಂಜಿನುಗಳ ತಯಾರಿಕೆಯಾಗಿ ಬೆಳೆಯಿತು.

ಜನನ ಮತ್ತು ಶಿಕ್ಷಣ

ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಾಂಡಿತ್ಯವುಳ್ಳವರಾಗಿದ್ದರು. ಬಾಲಕನಿಗೆ ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿಯೂ ಹೆಚ್ಚಿನ ಆಸಕ್ತಿ ಇತ್ತು. ತಂದೆಗೆ ಒಪ್ಪಿಗೆಯಿಲ್ಲದಿದ್ದರೂ ಹಿರಿಯ ಅಣ್ಣ ರಾಮುಅಣ್ಣನವರ ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳ ಅಭ್ಯಾಸದ ಬಳಿಕ ಇವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂದಿತು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತೋರದಿದ್ದುದರಿಂದ ವರ್ಣಚಿತ್ರವನ್ನು ಕೈಬಿಡಬೇಕಾಯಿತು. ಆದರೆ ರೇಖೆಯ ಮೇಲಿನ ಹಿಡಿತ ಹಾಗೆಯೇ ಉಳಿದಿತ್ತು. ಅದನ್ನು ಯಂತ್ರಗಳ ನಕ್ಷೆ ಬರೆಯುವುದಕ್ಕೆ ಬಳಸಿಕೊಂಡು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕರಾದರು. ಬಿಡುವಿನ ವೇಳೆಯನ್ನು ಸಂಸ್ಥೆಯ ಕಾರ್ಯಾಗಾರದಲ್ಲಿ ಕಳೆದು ಯಂತ್ರಗಳ ರಚನೆ ಮತ್ತು ಚಾಲನೆಯನ್ನು ತಾವಾಗಿಯೇ ಕಲಿತರು.

ಬೈಸಿಕಲ್ ವ್ಯಾಪಾರ

ಬೈಸಿಕಲ್ ಆ ಕಾಲದಲ್ಲಿ ಹೊಸ ವಸ್ತುವಾಗಿತ್ತು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಬೈಸಿಕಲ್‌ಗಳನ್ನು ಕೊಂಡು ಬೆಳಗಾವಿಗೆ ಕಳುಹಿಸುತ್ತಿದ್ದರು. ರಾಮುಅಣ್ಣನವರು ಅಲ್ಲಿ ಅವುಗಳನ್ನು ಮಾರುತ್ತಿದ್ದರು. 1888ರಲ್ಲಿ ಆರಂಭವಾದ ಈ ಅಂಗಡಿಯೇ ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯ ಮೂಲ. ಒಂದು ಬೈಸಿಕಲ್ಲಿನ ಬೆಲೆ 700ರಿಂದ 1,000 ರೂಪಾಯಿಗಳವರೆಗೆ ಇತ್ತು. ಸವಾರಿ ಬಾರದವನು ಇಷ್ಟು ಹಣ ತೆತ್ತು ಬೈಸಿಕಲ್ ಕೊಳ್ಳುವ ಸಂಭವ ಕಡಿಮೆ. ಆದುದರಿಂದ ಸವಾರಿ ಕಲಿಸುವುದೂ ಅಂಗಡಿಯ ಕೆಲಸವಾಯಿತು. ಅದಕ್ಕೆ 15 ರೂಪಾಯಿ ಶುಲ್ಕವಿತ್ತು.

ಅಧ್ಯಾಪಕ ವೃತ್ತಿಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ ವ್ಯಕ್ತಿಗೆ ದೊರೆತಾಗ ಲಕ್ಷ್ಮಣರಾಯರು ರಾಜೀನಾಮೆ ನೀಡಿ ಬೆಳಗಾವಿಗೆ ಮರಳಿದರು. ತಿಂಗಳ ಸಂಬಳ ನಿಂತುಹೋದುದರಿಂದ ಕುಟುಂಬದ ನಿರ್ವಹಣೆಗೆ ಸ್ವಂತ ಉದ್ಯೋಗವೊಂದೇ ಆಧಾರವಾಯಿತು.

ಕಬ್ಬಿಣದ ನೇಗಿಲು

ಬೆಳಗಾವಿಯಲ್ಲಿ ಸಣ್ಣ ಕಾರ್ಯಾಗಾರವನ್ನು ತೆರೆದು ಮೊದಲು ಮೇವು ಕತ್ತರಿಸುವ ಯಂತ್ರವನ್ನೂ ಅನಂತರ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಮರದ ನೇಗಿಲಿಗೆ ಒಗ್ಗಿಕೊಂಡಿದ್ದ ರೈತರಲ್ಲಿ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆಯಿತ್ತು. ಮಾರಾಟ ಕುದುರಲು ಎರಡು ವರ್ಷಗಳೇ ಬೇಕಾದವು. ನೇಗಿಲು ಚೆನ್ನಾಗಿದ್ದರೆ ಸಾಲದು, ಅದನ್ನು ಬಳಸುವವನಿಗೆ ಅದರ ಮೇಲೆ ಭರವಸೆ ಹುಟ್ಟಬೇಕು ಎಂಬುದು ಈ ಅವಧಿಯ ಅನುಭವವಾಗಿತ್ತು.

ಕಿರ್ಲೋಸ್ಕರವಾಡಿ

ಮಾರಾಟ ಚೇತರಿಸಿಕೊಳ್ಳುವ ಹೊತ್ತಿಗೆ ಬೆಳಗಾವಿ ನಗರದ ವಿಸ್ತರಣೆಗಾಗಿ ಕಾರ್ಯಾಗಾರದ ಸ್ಥಳವನ್ನು ತೆರವು ಮಾಡಬೇಕಾಯಿತು. ಈ ಸಂಕಟದಲ್ಲಿ ಔಂಧ್ ಸಂಸ್ಥಾನದ ಅರಸರು ಸಾಲವನ್ನೂ ಕುಂಡಲ್ ಬಳಿ 32 ಎಕರೆ ಜಮೀನನ್ನೂ ನೀಡಿದರು. ಕಳ್ಳಿ ಬೆಳೆದು ಹಾವುಗಳಿಂದ ತುಂಬಿದ್ದ ಆ ಬಂಜರು ನೆಲದಲ್ಲಿ 1910ರಲ್ಲಿ ಕಾರ್ಖಾನೆ ಮತ್ತು ಕೆಲಸಗಾರರ ವಸತಿ ತಲೆಯೆತ್ತಿದವು. ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿರುವ ಕಿರ್ಲೋಸ್ಕರವಾಡಿ ಭಾರತದ ಮೊದಲ ಔದ್ಯೋಗಿಕ ವಸಾಹತುಗಳಲ್ಲಿ ಒಂದು. ಇಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವಕಾಶವಿರಲಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಅಭಾವ ತಲೆದೋರಿದಾಗ ಕೊಲ್ಹಾಪುರ ಸಂಸ್ಥಾನದ ಹಳೆಯ ತೋಪುಗಳನ್ನು ಪಡೆದು ಅವುಗಳ ಲೋಹದಿಂದ ನೇಗಿಲುಗಳನ್ನು ತಯಾರಿಸಲಾಯಿತು. 1920ರಲ್ಲಿ ಸಂಸ್ಥೆ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂದು ನೋಂದಣಿಯಾಯಿತು. 1926ರ ಸುಮಾರಿಗೆ ಪಂಪುಗಳ ತಯಾರಿಕೆ ಆರಂಭವಾಯಿತು.

ಮುಂದಿನ ಬೆಳವಣಿಗೆ ಮತ್ತು ನಿಧನ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ ಬಂದ ಮಗ ಶಂತನುರಾವ್ ಉದ್ಯಮವನ್ನು ವಿಸ್ತರಿಸಿದರು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹಾಗೂ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾದವು. ಹೀಗೆ ಬೆಳಗಾವಿಯನ್ನು ಬಿಟ್ಟುಹೋದ ಉದ್ಯಮ ಮೂರು ದಶಕಗಳ ಬಳಿಕ ಕನ್ನಡ ನಾಡಿನಲ್ಲಿ ಮತ್ತೆ ನೆಲೆಯೂರಿತು.

ಲಕ್ಷ್ಮಣರಾಯರು 26 ಸೆಪ್ಟೆಂಬರ್ 1956ರಂದು ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತದ ಅಂಚೆ ಇಲಾಖೆ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು.