ಕಬ್ಬನ್ ಸಾಹೇಬರು ಕಟ್ಟಿಸಿದ ಬಂಗಲೆಯೇ ಇವತ್ತಿನ ರಾಜಭವನ

ಕೆಂಗೇರಿ, ವಿಜಯನಗರದಿಂದ ದಿನಾ ಪರ್ಪಲ್ ಲೈನ್ ಮೆಟ್ರೊ ಹತ್ತೋರ ಕಿವಿಗೆ ಕಬ್ಬನ್ ಪಾರ್ಕ್ ಅನ್ನೋ ಹೆಸರು ಬಿದ್ದೇ ಬೀಳುತ್ತೆ. ಆದರೆ ಆ ಪಾರ್ಕ್ ಆಗಿದ್ದು 1870ರಲ್ಲಿ. ಅಷ್ಟೊತ್ತಿಗೆ ಸರ್ ಮಾರ್ಕ್ ಕಬ್ಬನ್ ತೀರಿಕೊಂಡು 9 ವರ್ಷ ಕಳೆದಿತ್ತು. ಅವರು ಬಾಳಿ ಬದುಕಿದ ಮನೆ ಅಂದ್ರೆ ವಿಧಾನಸೌಧದಿಂದ ಸ್ವಲ್ಪ ಮುಂದಿರುವ ರಾಜಭವನ.

ಕಬ್ಬನ್, ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದ ಪಾದ್ರಿಯೊಬ್ಬರ ಮಗ. ಕಂಪನಿ ಸೈನ್ಯ ಸೇರಿ ಎಳೆ ವಯಸ್ಸಿನಲ್ಲೇ ಮದರಾಸಿಗೆ ಬಂದರು. ನಗರ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಆಡಳಿತ ಕಿತ್ತುಕೊಂಡರು. 1834ರಲ್ಲಿ ಕಬ್ಬನ್ ಕಮಿಷನರ್ ಆದರು. ಕಚೇರಿ ಮಾರ್ಕೆಟ್ ಹತ್ತಿರದ ಟಿಪ್ಪು ಅರಮನೆಯಲ್ಲಿ ನಡೀತಿತ್ತು. ವಾಸಕ್ಕೆ ಅಂತ 1840ರಿಂದ 42ರೊಳಗೆ ಹೈಗ್ರೌಂಡ್ಸ್ ದಿಣ್ಣೆ ಮೇಲೆ ಯುರೋಪಿನ ಹಳೇ ಶೈಲಿಯಲ್ಲಿ ಬಿಳಿ ಕಂಬಗಳ ಈ ಬಂಗಲೆ ಕಟ್ಟಿಸಿದರು.

ವ್ಯಾಪಾರಸ್ಥರು ನೆನಪಿಡಬೇಕಾದ ವಿಷಯ ಒಂದಿದೆ. ಆಗ ಹೆಜ್ಜೆಗೊಂದು ಸುಂಕ. ಮಾಗಡಿ ರಸ್ತೆಯ ಸುಂಕದಕಟ್ಟೆ ಹೆಸರು ಕೇಳಿದ್ರೇ ಗೊತ್ತಾಗಲ್ವಾ? ಮದುವೆಗೆ ತೆರಿಗೆ, ಮಗು ಹುಟ್ಟಿದ್ರೆ ತೆರಿಗೆ, ಹೆಸರಿಟ್ರೆ ತೆರಿಗೆ, ತಲೆಕೂದಲು ತೆಗೆಸಿದ್ರೂ ತೆರಿಗೆ. ಪಾಳೇಗಾರರ ತಪ್ಪಿಸಿಕೊಂಡ ಕುದುರೆಯನ್ನು ಹಿರಿಯರು ಹುಡುಕಿಕೊಡಲಿಲ್ಲ ಅಂತ ಒಂದು ಊರಿನವರು ತಲೆಮಾರುಗಟ್ಟಲೆ ದಂಡ ಕಟ್ತಿದ್ರಂತೆ! ಇಂಥ 769 ಚಿಲ್ಲರೆ ತೆರಿಗೆಗಳು ಕಮಿಷನರ್ ಆಳ್ವಿಕೆಯಲ್ಲಿ ರದ್ದಾದವು. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಗಾಡಿ ಓಡಾಟ, ಸಂತೆ ಎಲ್ಲಾ ಸಲೀಸಾಯ್ತು.

ಆದ್ರೂ ಇದು ಪರರ ಆಳ್ವಿಕೆಯೇ. ಮೈಸೂರಲ್ಲಿ ಮುಮ್ಮಡಿಯವರು ರಾಜ್ಯ ವಾಪಸ್ ಕೊಡಿ ಅಂತ ಪತ್ರ ಬರೀತಾನೇ ಇದ್ರು. ಅದು ಸಿಗದೆಯೇ 1868ರಲ್ಲಿ ತೀರಿಕೊಂಡರು. ರಾಜ್ಯ ಒಡೆಯರ್ ವಂಶಕ್ಕೆ ಮರಳಿದ್ದು 1881ರಲ್ಲಿ.

ಕಬ್ಬನ್ ಮದುವೆ ಆಗಲಿಲ್ಲ. ಕುದುರೆ ಅಂದ್ರೆ ಪ್ರಾಣ. ಬೇಸಿಗೆಗೆ ನಂದಿಬೆಟ್ಟದಲ್ಲೂ ಒಂದು ಮನೆ ಇತ್ತು. ಮುಪ್ಪಿನಲ್ಲಿ, 1861ರಲ್ಲಿ ಹುದ್ದೆ ಬಿಟ್ಟು ಹಡಗು ಹತ್ತಿದವರು ಊರು ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಸೂಯೆಜ್‌ನಲ್ಲೇ ಪ್ರಾಣ ಹೋಯ್ತು. ಹುಟ್ಟಿದ ದ್ವೀಪಕ್ಕೆ ಹೋಗಿದ್ದು ಶವ.

ಬಂಗಲೆಯನ್ನು ಮುಂದಿನ ಕಮಿಷನರ್ ಬೌರಿಂಗ್ ಸರ್ಕಾರಕ್ಕೆ ಕೊಂಡರು. 1881ರ ನಂತರ ಅದು ಬ್ರಿಟಿಷ್ ರೆಸಿಡೆಂಟರ ಮನೆಯಾಯ್ತು, ಈಗ ರಾಜ್ಯಪಾಲರದ್ದು. ಹೈಕೋರ್ಟ್ ಮುಂದೆ ನಿಂತಿದ್ದ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಪಾರ್ಕ್ ಒಳಕ್ಕೆ ಸಾಗಿಸಲಾಯಿತು. ಬಂಗಲೆ ಗೇಟು ಮಾತ್ರ ಸಾಮಾನ್ಯವಾಗಿ ಮುಚ್ಚಿರುತ್ತೆ; ಕೆಲವು ವರ್ಷ ಆಗಸ್ಟ್‌ನಲ್ಲಿ ಜನರಿಗೆ ತೆರೆದದ್ದೂ ಉಂಟು.