ಹಿತ್ತಲ ಶೆಡ್ಡಿನಲ್ಲಿ ಬೆಂದ ರಾಮೆನ್

ರಾತ್ರಿ ಹನ್ನೊಂದರ ಹಸಿವಿಗೆ ಹಾಸ್ಟೆಲ್, ಪಿ.ಜಿ.ಗಳಲ್ಲಿ ನಮಗೆ ಗೊತ್ತಿರುವ ಮದ್ದು ಒಂದೇ: ನೂಡಲ್ಸ್ ಪ್ಯಾಕೆಟ್. ಅದರ ಮೂಲ ಹುಡುಕುತ್ತ ಹೋದರೆ ಜಪಾನಿನ ಒಸಾಕಾ ಪ್ರಾಂತ್ಯದ ಇಕೆಡಾ ಎಂಬ ಊರಿನ ಮನೆಯೊಂದರ ಹಿತ್ತಲಿಗೆ ಬಂದು ನಿಲ್ಲುತ್ತೇವೆ. ಅಲ್ಲಿನ ಪುಟ್ಟ ಶೆಡ್ಡಿನಲ್ಲಿ, ಕೈತುಂಬ ಹಿಟ್ಟು ಮೆತ್ತಿಕೊಂಡು ನಿಂತಿದ್ದವರು ಮೊಮೊಫುಕು ಆಂಡೊ.

ಅವರು ಹುಟ್ಟಿದ್ದು 1910ರಲ್ಲಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ. ಚಿಕ್ಕಂದಿನಲ್ಲೇ ಅಪ್ಪ–ಅಮ್ಮ ತೀರಿಕೊಂಡರು. ಬೆಳೆಸಿದ್ದು ಬಟ್ಟೆ ವ್ಯಾಪಾರದ ಅಜ್ಜ–ಅಜ್ಜಿ. ಹುಡುಗ ವ್ಯವಹಾರ ಕಲಿತದ್ದೂ ಅಲ್ಲೇ. 22ನೇ ವಯಸ್ಸಿಗೆ ಸ್ವಂತ ಬಟ್ಟೆ ಕಂಪನಿ ತೆರೆದರು, ಮರುವರ್ಷವೇ ಒಸಾಕಾಕ್ಕೆ ಬಂದರು.

ಎರಡನೇ ಮಹಾಯುದ್ಧ ಒಸಾಕಾವನ್ನು ಸುಟ್ಟುಹಾಕಿತು. ಯುದ್ಧ ಮುಗಿದ ಮೇಲೆ ಒಂದು ಚಳಿಯ ರಾತ್ರಿ, ರೈಲು ನಿಲ್ದಾಣದ ಹಿಂಭಾಗದ ಸಂತೆಯಲ್ಲಿ ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನ ಉದ್ದಕ್ಕೆ ಸಾಲುಗಟ್ಟಿ ನಿಂತಿದ್ದನ್ನು ಆಂಡೊ ನೋಡಿದರು. ಆ ದೃಶ್ಯ ಅವರ ಮನಸ್ಸಿನಲ್ಲಿ ಉಳಿಯಿತು.

ಮುಂದಿನ ದಾರಿ ನೇರವಾಗಿರಲಿಲ್ಲ. ತೆರಿಗೆ ಪ್ರಕರಣವೊಂದರಲ್ಲಿ ಜೈಲು ಸೇರಿದರು. ವಿದ್ಯಾರ್ಥಿಗಳ ಓದಿಗೆಂದು ಕೊಟ್ಟ ಹಣವನ್ನೇ ವಂಚನೆ ಎಂದು ಬಗೆದರು ಎಂಬುದು ಅವರ ವಾದವಾಗಿತ್ತು. ಆಮೇಲೆ ಒತ್ತಾಯಕ್ಕೆ ಕಟ್ಟುಬಿದ್ದು ಸಹಕಾರಿ ಸಾಲ ಸಂಸ್ಥೆಯೊಂದರ ಅಧ್ಯಕ್ಷರಾದರು. 1957ರಲ್ಲಿ ಅದು ಮುಳುಗಿತು, ಅವರ ಆಸ್ತಿಯನ್ನೂ ಮುಳುಗಿಸಿತು. 47ನೇ ವಯಸ್ಸಿಗೆ ಉಳಿದದ್ದು ಬಾಡಿಗೆ ಮನೆ ಮತ್ತು ಹಿತ್ತಲು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಅವರಿಗೆ ಮದ್ದು ಸಿಕ್ಕಿದ್ದು ಹಿತ್ತಲಲ್ಲೇ. ಅಲ್ಲೊಂದು ಶೆಡ್ ಕಟ್ಟಿಸಿ, ಹಳೆಯ ನೂಡಲ್ಸ್ ಯಂತ್ರ ತಂದಿಟ್ಟರು. ರುಚಿಯಿರಬೇಕು, ಕೆಡಬಾರದು, ಬಿಸಿನೀರು ಸುರಿದರೆ ತಕ್ಷಣ ಸಿದ್ಧವಾಗಬೇಕು, ಅಗ್ಗವಾಗಿರಬೇಕು, ಸುರಕ್ಷಿತವಾಗಿರಬೇಕು. ಇವು ಅವರೇ ಹಾಕಿಕೊಂಡ ಷರತ್ತುಗಳು. ದಿನಕ್ಕೆ ನಾಲ್ಕು ಗಂಟೆ ನಿದ್ದೆ. ಸೋಲುಗಳ ಲೆಕ್ಕವಿಲ್ಲ. ಒಣಗಿಸಿದ ನೂಡಲ್ಸ್ ಬೇಗ ಮೆತ್ತಗಾಗುವಂತೆ ಮಾಡುವುದೇ ದೊಡ್ಡ ತಲೆನೋವಾಗಿತ್ತು.

ಒಂದು ದಿನ ಹೆಂಡತಿ ಮಸಾಕೊ ಅಡುಗೆಮನೆಯಲ್ಲಿ ತೆಂಪುರಾ ಕರಿಯುತ್ತಿದ್ದರು. ನಮ್ಮ ಬಜ್ಜಿಯ ಹಾಗೆ ಹಿಟ್ಟಿನಲ್ಲಿ ಅದ್ದಿ ಕರಿಯುವ ತಿನಿಸು ಅದು. ಕಾದ ಎಣ್ಣೆಗೆ ಬಿದ್ದ ಹಿಟ್ಟಿನಿಂದ ನೀರು ಗುಳ್ಳೆಗುಳ್ಳೆಯಾಗಿ ಹೊರಬರುತ್ತಿತ್ತು. ಆಂಡೊಗೆ ದಾರಿ ಕಂಡಿತು. ನೂಡಲ್ಸನ್ನು ಕರಿದರೆ ನೀರಿನಂಶ ಹೋಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ; ಬಿಸಿನೀರು ಹಾಕಿದಾಗ ಅದೇ ರಂಧ್ರಗಳಿಂದ ನೀರು ಒಳಹೊಕ್ಕು ನೂಡಲ್ಸ್ ಮೃದುವಾಗುತ್ತದೆ.

1958ರ ಆಗಸ್ಟ್ 25ರಂದು ಚಿಕನ್ ರಾಮೆನ್ ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್. ಅಂಗಡಿಯಲ್ಲಿ ತಾಜಾ ಉದೊನ್ ನೂಡಲ್ಸ್ ಆರು ಯೆನ್‌ಗೇ ಸಿಗುತ್ತಿದ್ದ ಕಾಲವದು! ಸಗಟು ವ್ಯಾಪಾರಿಗಳು ಮೂಗು ಮುರಿದರು. ಆದರೆ ತಿಂದವರು ಮತ್ತೆ ಕೇಳಿದರು. ಅದೇ ವರ್ಷ ಕಂಪನಿಗೆ ನಿಸ್ಸಿನ್ ಎಂಬ ಹೆಸರು ಬಂತು.

1966ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನವರು ರಾಮೆನ್ ಮುರಿದು ಕಾಗದದ ಲೋಟಕ್ಕೆ ಹಾಕಿ, ಫೋರ್ಕ್‌ನಲ್ಲಿ ತಿನ್ನುತ್ತಿದ್ದರು. ತಿನ್ನುವ ಕ್ರಮ ತಪ್ಪೆಂದು ಅವರು ತಿದ್ದಲಿಲ್ಲ, ನೋಡಿ ಕಲಿತರು. 1971ರಲ್ಲಿ ಕಪ್ ನೂಡಲ್ಸ್ ಬಂತು. ಆಗ ಅವರಿಗೆ 61. ತೊಂಬತ್ತೈದರಲ್ಲಿ, ಅಂದರೆ 2005ರಲ್ಲಿ, ಅವರ ಸಂಸ್ಥೆಯ ರಾಮೆನ್ ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಯಿತು. 2007ರ ಜನವರಿ 5ರಂದು, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಮ್ಮ ಬೆಂಗಳೂರಿನ ಬಳಿಯ ಜಿಗಣಿಯಲ್ಲೂ ಆ ಕಂಪನಿಯ ನೂಡಲ್ಸ್ ತಯಾರಾಗುತ್ತದೆ.

ಸೋತವರೆಲ್ಲ ಆಂಡೊ ಆಗುವುದಿಲ್ಲ, ನಿಜ. ಆ ಒಂದು ವರ್ಷ ಸಂಪಾದನೆಯಿಲ್ಲದ ಮನೆಯನ್ನು ತೂಗಿಸಿದ ಮಸಾಕೊ ಇಲ್ಲದಿದ್ದರೆ ಶೆಡ್ಡಿನ ಒಲೆ ಉರಿಯುತ್ತಲೂ ಇರಲಿಲ್ಲ. ಆದರೂ ಇಪ್ಪತ್ತೈದಕ್ಕೇ ವಯಸ್ಸು ಮೀರಿತೆಂದು ಅರ್ಜಿ ನಮೂನೆಯ ಮುಂದೆ ಕೂತು ಬೆವರುವ ನನಗೆ, ಈ ಕಥೆಯಲ್ಲಿ ಹಿಡಿಸಿದ್ದು ಅವರ ಗೆಲುವಲ್ಲ. ಎಲ್ಲ ಕಳೆದುಕೊಂಡ ಮೇಲೆ ಅವರು ಇಲ್ಲದ್ದನ್ನು ಎಣಿಸುತ್ತ ಕೂರದೆ, ಇದ್ದ ಹಿತ್ತಲಲ್ಲಿ ಒಲೆ ಹಚ್ಚಿದರಲ್ಲ, ಅದು. ಇಕೆಡಾದ ಮ್ಯೂಸಿಯಂನಲ್ಲಿ ಇಂದಿಗೂ ಆ ಶೆಡ್ಡಿನ ಪ್ರತಿರೂಪವಿದೆ. ಒಳಗಿರುವುದು ಬಾಣಲೆ, ಪಾತ್ರೆ, ಹಿಟ್ಟು... ನಮ್ಮನಿಮ್ಮ ಮನೆಯಲ್ಲೂ ಇರುವಂಥವೇ.