ಪುಸ್ತಕದ ಗಂಟು ಹೊತ್ತ ಗಳಗನಾಥರು

ಕಥೆಯೊಂದನ್ನು ಓದಿ ಅತ್ತೆನೆಂದು ಹೇಳಿಕೊಳ್ಳಲು ವಿದ್ಯಾವಂತರಾದ ನಾವು ನಾಚುತ್ತೇವೆ. ಕಥೆಯ ತಂತ್ರವನ್ನು ಕುರಿತು, ಅದರ ಬಂಧವನ್ನು ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲೆವು. ಆದರೆ ಅದು ನಮ್ಮ ಕಣ್ಣನ್ನು ತೇವಗೊಳಿಸಿತೇ ಎಂದು ಯಾರಾದರೂ ಕೇಳಿದರೆ ಮಾತನ್ನು ಬೇರೆಡೆಗೆ ಹೊರಳಿಸುತ್ತೇವೆ. ಇಪ್ಪತ್ತು ವರ್ಷಗಳಿಂದ ಶಿರಸಿಯಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನೂ ಈ ದೋಷಕ್ಕೆ ಹೊರತಾದವನಲ್ಲ. ಗಳಗನಾಥರ ಜೀವನವನ್ನು ಕುರಿತು ಇಂದು ನಾಲ್ಕು ಮಾತು ಬರೆಯಲು ಹೊರಟಿರುವುದು ಒಂದು ಬಗೆಯಲ್ಲಿ ಆ ದೋಷದ ಪ್ರಾಯಶ್ಚಿತ್ತಕ್ಕಾಗಿಯೇ.

ವರದಾ ನದಿಯನ್ನು ನಮ್ಮ ಭಾಗದವರೆಲ್ಲ ಬಲ್ಲರು. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಶಿರಸಿ ತಾಲೂಕಿನ ಬನವಾಸಿಯನ್ನು ಮೂರು ಕಡೆಯಿಂದ ಬಳಸಿ, ಹಾನಗಲ್ಲಿನ ಗದ್ದೆಗಳಿಗೆ ನೀರೂಡಿ ಅದು ಮೂಡಣಕ್ಕೆ ಸಾಗುತ್ತದೆ. ಅದು ತುಂಗಭದ್ರೆಯನ್ನು ಕೂಡಿಕೊಳ್ಳುವ ಎಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಅದರ ನೆರಳಿನಲ್ಲಿ ಗಳಗನಾಥವೆಂಬ ಊರಿದೆ. 1869ರಲ್ಲಿ ಆ ಊರಿನಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಹೆಸರನ್ನು ಮರೆಯಿಸಿ ಊರ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದರು. ಕನ್ನಡಿಗರು ಅವರನ್ನು ಕಾದಂಬರಿ ಪಿತಾಮಹರೆಂದು ಕರೆದರು.

ಅವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಶಾಲಾ ಮಾಸ್ತರರಾದವರು. ಆ ಕಾಲವನ್ನು ನಾವು ನೆನೆದುಕೊಳ್ಳಬೇಕು. ಧಾರವಾಡವೂ ನಮ್ಮ ಕಾರವಾರ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಓದು ಬಲ್ಲ ಕನ್ನಡಿಗರಲ್ಲಿ ಎಷ್ಟೋ ಮಂದಿ ಮರಾಠಿಯಲ್ಲೇ ಪತ್ರ ಬರೆದು ಮರಾಠಿಯಲ್ಲೇ ಲೆಕ್ಕವಿಡುತ್ತಿದ್ದರು. ವಿನೋದಕ್ಕಾಗಿ ಏನನ್ನಾದರೂ ಓದಬೇಕೆಂದರೆ ಮರಾಠಿ ಕಾದಂಬರಿಯನ್ನೇ ಕೈಗೆತ್ತಿಕೊಳ್ಳುತ್ತಿದ್ದರು. ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ಹುಟ್ಟಿದುದು 1890ರಲ್ಲಿ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತರತೊಡಗಿದ್ದರು. ಉತ್ತರದಲ್ಲಿ ಆ ಭಾರವನ್ನು ಹೊತ್ತವರು ಗಳಗನಾಥರು. ಅವರ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಬೆಳಕು ಕಂಡಿತು. ಅಲ್ಲಿಂದ ಮುಂದೆ ನಾಲ್ಕು ದಶಕಗಳ ಕಾಲ ಅವರ ಲೇಖನಿ ವಿಶ್ರಮಿಸಲಿಲ್ಲ.

ಮುಂದೆ ಅವರು ಮಾಸ್ತರಿಕೆಯನ್ನು ಬಿಟ್ಟರು. ಹಾವೇರಿಯ ಸಮೀಪದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವಿತ್ತು. ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯನ್ನು ನಡೆಯಿಸುವ ಹೊಣೆ ಅವರದಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊರಟ ಈ ಪತ್ರಿಕೆ ಅಂಚೆಯ ಚೀಲದಲ್ಲಿ ಕುಳಿತು ಹಳ್ಳಿಹಳ್ಳಿಯನ್ನು ಸೇರಿತು. ಅದರಲ್ಲಿ ನೀತಿಯಿತ್ತು, ಭಕ್ತಿಯಿತ್ತು. ಅವೆರಡರ ಬೆನ್ನಿಗೆ ಕಥೆಯೂ ಇತ್ತು. ಮುಂದಿನ ತಿಂಗಳ ಸಂಚಿಕೆಗಾಗಿ ಕಾದು ಕುಳಿತುಕೊಳ್ಳುವ ಅಭ್ಯಾಸವನ್ನು ಕನ್ನಡ ಮನೆಗಳಿಗೆ ಕಲಿಸಿದ ಪತ್ರಿಕೆಗಳಲ್ಲಿ ಅದು ಪ್ರಮುಖವಾದುದು.

ಬರೆದರಾಯಿತು, ಅಚ್ಚು ಹಾಕಿಸಿದರಾಯಿತು, ಕೊಳ್ಳುವವರು ಎಲ್ಲಿದ್ದರು? ಹಳ್ಳಿಯಲ್ಲಿ ಪುಸ್ತಕದ ಅಂಗಡಿಯಿರಲಿಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದರು. ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು. ತನ್ನ ಕೃತಿಯನ್ನು ತಲೆಯ ಮೇಲೆ ಹೊತ್ತು ನಡೆದ ಲೇಖಕನ ಈ ಚಿತ್ರ ಕನ್ನಡ ನಾಡಿನಲ್ಲಿ ಒಂದು ಐತಿಹ್ಯವೇ ಆಗಿದೆ. ನಾವು ಅದನ್ನು ಭಾಷಣಗಳಲ್ಲಿ ಉದಾಹರಿಸಿ ಕರತಾಡನ ಗಳಿಸುತ್ತೇವೆ. ಅವರಿಗಾದರೋ ಅದು ಬಿಸಿಲು, ಧೂಳು, ಮರಳಿ ಬಂದ ಗಂಟಿನ ಭಾರ ಮತ್ತು ಸಾಲ.

ಗಂಟಿನಿಂದ ಇಳಿದ ಪುಸ್ತಕ ಮನೆಯೊಳಗೆ ಹೋಗಿ ಏನು ಮಾಡುತ್ತಿತ್ತೆಂಬುದನ್ನು ನಾನು ನನ್ನ ಅಜ್ಜಿಯಿಂದ ತಿಳಿದೆ. ಆಕೆಯ ತವರು ಸಿದ್ದಾಪುರದ ಕಡೆಯ ಒಂದು ಕೇರಿ. ಕೊಟ್ಟದ್ದು ಯಲ್ಲಾಪುರದ ಕಡೆಗೆ. ವ್ಯಾಪಾರಕ್ಕೆಂದು ಹಾವೇರಿಗೆ ಹೋಗಿದ್ದ ಆಕೆಯ ತಂದೆ ಮೆಣಸಿನಕಾಯಿಯ ಚೀಲದೊಂದಿಗೆ ‘ಕನ್ನಡಿಗರ ಕರ್ಮಕಥೆ’ಯ ಒಂದು ಪ್ರತಿಯನ್ನು ತಂದರಂತೆ. ಮದುವೆಯಾಗಿ ಬರುವಾಗ ಅದು ಆಕೆಯ ಪೆಟ್ಟಿಗೆಯಲ್ಲಿ ಸೀರೆಗಳ ಅಡಿಯಲ್ಲಿತ್ತು. ಕೊನೆಕೊಯ್ಲಿನ ದಿನಗಳಲ್ಲಿ, ರಾತ್ರಿ ಊಟವಾದ ಮೇಲೆ ಹಸಿ ಅಡಿಕೆ ಸುಲಿಯಲು ಕೇರಿಯವರೆಲ್ಲ ಸೇರುತ್ತಿದ್ದರು. ಮೆಟ್ಟುಗತ್ತಿಗಳ ಸಾಲಿನ ನಡುವೆ ಲಾಟೀನು ಇಟ್ಟು, ಓದು ಬಲ್ಲ ಒಬ್ಬಳಿಗೆ ಸುಲಿಯುವ ಕೆಲಸದಿಂದ ವಿನಾಯಿತಿ ಕೊಟ್ಟು ಕಥೆ ಓದಿಸುತ್ತಿದ್ದರು. ಆ ವಿನಾಯಿತಿ ನನ್ನ ಅಜ್ಜಿಯದಾಗಿತ್ತು. ನಿದ್ದೆ ಬಾರದಿರಲೆಂದು ಆರಂಭವಾದ ಓದು, ಸುಲಿಯುವ ಕೈಗಳನ್ನೇ ನಿಲ್ಲಿಸಿಬಿಡುತ್ತಿದ್ದ ರಾತ್ರಿಗಳೂ ಇದ್ದುವೆಂದು ಆಕೆ ಹೇಳುತ್ತಿದ್ದಳು.

ಆ ಕಾದಂಬರಿ ವಿಜಯನಗರದ ಪತನದ ಕಥೆ. ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ವನ್ನು ಗಳಗನಾಥರು ಕನ್ನಡಕ್ಕೆ ಇಳಿಸಿದುದು. ರಾಮರಾಯನು ಯೌವನದಲ್ಲಿ ಪ್ರೀತಿಸಿ ತೊರೆದ ಮೆಹರ್‌ಜಾನಳೆಂಬ ಹೆಣ್ಣು ಅದರಲ್ಲಿ ಬರುತ್ತಾಳೆ. ತಂದೆ ಯಾರೆಂದು ತಿಳಿಯದೆ ಬೆಳೆದ ಆಕೆಯ ಮಗನು ಬರುತ್ತಾನೆ. ಸಾಮ್ರಾಜ್ಯವು ಕುಸಿದುದಕ್ಕಿಂತ ಹೆಚ್ಚಾಗಿ ಅಜ್ಜಿ ಅತ್ತದ್ದು ಆ ತಾಯಿಗಾಗಿ. ತೋಟ, ಕೊಟ್ಟಿಗೆ, ಬಚ್ಚಲೊಲೆ, ಅಪರೂಪಕ್ಕೆ ಶಿರಸಿಯ ಮಾರಿಕಾಂಬೆಯ ಜಾತ್ರೆ, ಇವುಗಳಾಚೆಗೆ ಲೋಕವನ್ನು ಕಾಣದ ಮಡಿವಂತ ಮನೆಯ ಹೆಣ್ಣುಮಗಳು, ಪರಧರ್ಮದ ಒಬ್ಬ ಪರಿತ್ಯಕ್ತೆಗಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಉಪದೇಶವೂ ಮಾಡಲಾರದ ಕೆಲಸವಿದು.

ನಾನು ಎಂ. ಎ. ಓದುತ್ತಿದ್ದಾಗ, 2002ರ ಒಂದು ರಜೆಯಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಅಜ್ಜಿ ಕನ್ನಡಕದೊಡನೆ ಅದೇ ಪುಸ್ತಕವನ್ನು ಹಿಡಿದು ಜಗಲಿಯಲ್ಲಿ ಕುಳಿತಿದ್ದಳು. ನನ್ನ ತಲೆಯಲ್ಲಿ ಹೊಸ ವಿದ್ಯೆಯ ಕಾವಿತ್ತು. ಈ ಕಥೆ ನಮ್ಮದಲ್ಲ, ಮರಾಠಿಯದು ಎಂದು ಹೇಳಿದೆ. 1565ರ ಯುದ್ಧದಲ್ಲಿ ಸೆರೆಸಿಕ್ಕ ರಾಮರಾಯನನ್ನು ಕೊಲ್ಲಿಸಿದವನು ಅಹಮದನಗರದ ಹುಸೇನ್ ನಿಜಾಮಶಾಹನೆಂದೂ, ಈ ಮಗನ ವೃತ್ತಾಂತವೆಲ್ಲ ಕಲ್ಪನೆಯೆಂದೂ ವಿವರಿಸಿದೆ. ಹಾಗಾದರೆ ಮೆಹರ್‌ಜಾನ್ ಎಂಬವಳು ಇರಲೇ ಇಲ್ಲವೇ ಎಂದು ಅಜ್ಜಿ ಮೆಲ್ಲನೆ ಕೇಳಿದಳು. ಇರಲಿಲ್ಲ ಎಂದೆ, ವಾದದಲ್ಲಿ ಗೆದ್ದವನಂತೆ. ಅಜ್ಜಿ ಪುಸ್ತಕ ಮುಚ್ಚಿ ಒಳಗೆ ಹೋದಳು. ಆಮೇಲೆ ಆಕೆ ನನ್ನೆದುರಿಗೆ ಅದನ್ನು ತೆರೆದುದನ್ನು ನಾನು ಕಾಣಲಿಲ್ಲ. ಎಪ್ಪತ್ತು ವರ್ಷಗಳಿಂದ ಆಕೆಯ ಜೊತೆಯಲ್ಲಿದ್ದ ಒಬ್ಬ ಆಪ್ತಳನ್ನು ನಾನು ಒಂದು ಶಬ್ದದಲ್ಲಿ ಕೊಂದಿದ್ದೆ.

ನಾನು ಹೇಳಿದುದರಲ್ಲಿ ಸುಳ್ಳಿರಲಿಲ್ಲ. ಗಳಗನಾಥರ ಎಷ್ಟೋ ಕಾದಂಬರಿಗಳಿಗೆ ಆಪಟೆಯವರ ಕೃತಿಗಳೇ ಆಧಾರ. ಅವರ ಗದ್ಯ ಸಂಸ್ಕೃತದ ಭಾರದಿಂದ ಬಾಗಿದೆ; ಕಥೆಯ ಓಟವನ್ನು ನಿಲ್ಲಿಸಿ ವಾಚಕರಿಗೆ ಬೋಧೆ ಹೇಳುವ ಚಾಳಿ ಅವರಿಗುಂಟು. ಆದರೆ 1923ರಲ್ಲಿ ಬಂದ ‘ಮಾಧವ ಕರುಣಾ ವಿಲಾಸ’ವನ್ನು, ವಿಜಯನಗರದ ಸ್ಥಾಪನೆಯನ್ನು ಕುರಿತ ಆ ಸ್ವತಂತ್ರ ಕಾದಂಬರಿಯನ್ನು, ಬರೆದವರೂ ಅವರೇ. ಒಂದು ಸಾಮ್ರಾಜ್ಯದ ಹುಟ್ಟನ್ನೂ ಅಳಿವನ್ನೂ ಮನೆಮನೆಯ ಕಥೆಯನ್ನಾಗಿಸಿ, ತಮಗೂ ಒಂದು ನಾಡಿತ್ತೆಂಬ ನೆನಪನ್ನು ಹಂಚಿಹೋದ ಕನ್ನಡಿಗರಿಗೆ ಅವರು ಮರಳಿಸಿದರು. ಇನ್ನು ಕಥೆಯ ಮೂಲದ ಮಾತು: ವರದೆಯ ನೀರು ಹುಟ್ಟಿದುದು ಸಾಗರದ ಕಡೆ ಎಂದು ಬನವಾಸಿಯ ರೈತನು ತನ್ನ ಗದ್ದೆಗೆ ಅದನ್ನು ಬಿಡದೆ ಇರುತ್ತಾನೆಯೇ? ಯಾವ ಪೈರಿಗೆ ಉಣಿಸಿತು ಎಂಬುದಲ್ಲವೇ ಅವನಿಗೆ ಮುಖ್ಯ?

ಮೂರು ವರ್ಷಗಳ ಬಳಿಕ ಅಜ್ಜಿಯ ಕಣ್ಣು ಪೂರ್ಣವಾಗಿ ಮಂಜಾಯಿತು. ಮಳೆಗಾಲದ ಒಂದು ಸಂಜೆ, ಓದಿ ಹೇಳಲೇ ಎಂದು ಕೇಳಿ ನಾನು ಪೆಟ್ಟಿಗೆಯಿಂದ ಆ ಪುಸ್ತಕವನ್ನು ತೆಗೆದೆ. ನಿನಗೆ ಅದು ಸೇರದಲ್ಲ, ಬೇರೆ ಯಾವುದನ್ನಾದರೂ ಓದು ಎಂಬ ಅರ್ಥದ ಮಾತನ್ನು ಆಕೆ ಸಂಕೋಚದಿಂದ ಆಡಿದಳು. ಆ ಸಂಕೋಚ ನನ್ನನ್ನು ಈಗಲೂ ಚುಚ್ಚುತ್ತದೆ. ನಾನು ಕೇಳದೆ ಓದತೊಡಗಿದೆ. ಅರಿಶಿನದ ಕಲೆಗಳಿದ್ದ, ಅಂಚು ಮುರಿದ ಹಾಳೆಗಳು. ಕೆಲವು ಸಂಜೆಗಳಲ್ಲಿ ಕಥೆ ಮೆಹರ್‌ಜಾನಳ ದುಃಖದ ಪ್ರಸಂಗಕ್ಕೆ ಬಂದಿತು. ತರಗತಿಗೆ ಪಾಠ ಸಿದ್ಧಪಡಿಸುವಾಗ ಹಲವು ಸಲ ಕಣ್ಣಾಡಿಸಿದ್ದ ಪುಟವೇ ಅದು. ಗಟ್ಟಿಯಾಗಿ ಓದುವಾಗ ನನ್ನ ಗಂಟಲು ಕಟ್ಟಿತು, ನಾನು ನಿಂತೆ. ಆಗ ಕತ್ತಲಲ್ಲಿ ಕುಳಿತಿದ್ದ ಅಜ್ಜಿ, ನಾನು ಬಿಟ್ಟ ವಾಕ್ಯವನ್ನು ಬಾಯಿಪಾಠವಾಗಿ ಮುಗಿಸಿ, ಮುಂದೆ ಓದೆಂದು ಸನ್ನೆ ಮಾಡಿದಳು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಗಂಟು ಹೊತ್ತು ಗಳಿಸಿದ ಸಂಪತ್ತೇನನ್ನೂ ಅವರು ಬಿಟ್ಟುಹೋಗಲಿಲ್ಲ. ಇಂದು ನಮ್ಮ ಕಡೆ ಅಡಿಕೆ ಸುಲಿಯಲು ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಓದಿದರೆ ಕೇಳಿಸದು, ಓದುವವರೂ ಇಲ್ಲ. ಹಿಂದೆ ನನ್ನ ತರಗತಿಯಲ್ಲಿ ಗಳಗನಾಥರದು ಒಂದು ವಾಕ್ಯದ ಸ್ಥಾನವಾಗಿತ್ತು: ಹುಟ್ಟಿದ ವರ್ಷ, ಕೃತಿಗಳ ಹೆಸರು, ಅನುವಾದಕರೆಂಬ ತೀರ್ಪು. ಈಗ ವರ್ಷಕ್ಕೊಮ್ಮೆ ಆ ಹಳೆಯ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲೇಜಿಗೆ ಒಯ್ಯುತ್ತೇನೆ. ವಿಮರ್ಶೆಯೇನನ್ನೂ ಹೇಳದೆ ಒಂದು ತಾಸು ಗಟ್ಟಿಯಾಗಿ ಓದುತ್ತೇನೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡರೆ, ನಾನು ನೋಡದವನಂತೆ ಪುಟ ತಿರುವುತ್ತೇನೆ.